ಜನವರಿ ಒಂದರಂದು ಹುಟ್ಟಿದವರು

ಮೂರನೆಯ ದಿನವೂ ಆ ಮನುಷ್ಯ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾನೆ ಎಂಬುದು ಬೊಂಬಾಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಸೇತುವೆ ಇಳಿಯುವಾಗಲೇ ಜಯಸಿಂಹನಿಗೆ ಖಾತ್ರಿಯಾಗಿತ್ತು. ವಿಲೆ ಪಾರ್ಲೆಯಿಂದ ನಿಂತುಕೊಂಡೇ ಬಂದ ಕಾಲುಗಳು ನೋಯುತ್ತಿದ್ದವು; ಲೋಕಲ್‌ನಲ್ಲಿ ಯಾರದೋ ಡಬ್ಬಿಯ ಎಣ್ಣೆ ಅಂಗಿಯ ತೋಳಿಗೆ ಹತ್ತಿತ್ತು. ಆ ಮನುಷ್ಯನಿಗೆ ತನ್ನ ಮೇಲೆ ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು ಎಂದುಕೊಂಡ. ಸಿಟ್ಟಿನವರನ್ನು ಸಾಗಹಾಕುವುದು ನಿಗಮದ ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನಿಗೆ ರೂಢಿಯಾಗಿತ್ತು. ಕುರ್ಚಿ ಕೊಡುವುದು, ಚಹಾ ತರಿಸುವುದು, ಎಲ್ಲ ಬರೆದುಕೊಡಿ ಮೇಲಕ್ಕೆ ಕಳಿಸುತ್ತೇನೆ ಎನ್ನುವುದು. ಮೇಲಕ್ಕೆ ಹೋದದ್ದು ಮತ್ತೆ ಕೆಳಗೆ ಬರುವಷ್ಟರಲ್ಲಿ ಸಿಟ್ಟೂ ತಣ್ಣಗಾಗಿರುತ್ತದೆ. ಆದರೆ ಈತ ಸಿಟ್ಟಿನವನಲ್ಲ. ಜಯಸಿಂಹ ಹಾದುಹೋದಾಗಲೆಲ್ಲ ಎದ್ದು ನಿಲ್ಲುತ್ತಾನೆ, ಟೋಪಿ ಸರಿಮಾಡಿಕೊಂಡು ನಮಸ್ಕಾರ ಮಾಡುತ್ತಾನೆ, ಏನೂ ಹೇಳದೆ ಕೂರುತ್ತಾನೆ. ನಿನ್ನೆ ಒಂದು ಮಧ್ಯಾಹ್ನದೊಳಗೆ ಏಳು ಸಲ ಎದ್ದು ನಿಂತಿದ್ದ. ಆರನೆಯ ಸಲಕ್ಕೆ ಜಯಸಿಂಹ ಮೂತ್ರಕ್ಕೆ ಹೋಗುವುದನ್ನೂ ತಡೆದುಕೊಂಡಿದ್ದ. ಇವತ್ತು ಅವನು ಮುಂದಿನ ಮೆಟ್ಟಿಲು ಬಿಟ್ಟು, ಕ್ಯಾಂಟೀನಿನ ಹಿಂದೆ ಪಾತ್ರೆ ತೊಳೆಯುವ ನೀರಿನಲ್ಲಿ ಪ್ಯಾಂಟು ಎತ್ತಿಕೊಂಡು ದಾಟಿ, ಹಿಂದಿನ ಕಬ್ಬಿಣದ ಮೆಟ್ಟಿಲಿನಿಂದ ನಾಲ್ಕನೆಯ ಮಹಡಿ ಹತ್ತಿದ. ಕಂಪ್ಯೂಟರ್ ಸೆಕ್ಷನ್ನಿನ ಮುಖ್ಯಸ್ಥನಾದ ತಾನು ನಲವತ್ತನಾಲ್ಕನೆಯ ವಯಸ್ಸಿಗೆ ಕಳ್ಳನ ಹಾಗೆ ಕಚೇರಿಗೆ ಬರುವಂತಾಯಿತಲ್ಲ ಎನಿಸಿತು. ಮೆಟ್ಟಿಲ ಮೇಲೆ ಯಾರೂ ಸಿಗಲಿಲ್ಲ ಎಂಬುದೇ ಸಮಾಧಾನ.

ರುಕ್ಮಿಣಿಬಾಯಿ ಮಾತ್ರ ನೋಡಿದಳು. ಕಂಪ್ಯೂಟರಿಗೆ ಅಂಕಿ ಒತ್ತುವ, ಪಂಚಿಂಗ್ ಮಾಡುವ ಹೆಂಗಸರಿಗೆಲ್ಲ ಹಿರಿಯಳು, ಬೆಳಗಾವಿಯ ಕಡೆಯವಳು, ಹದಿನೈದು ವರ್ಷದಿಂದ ಇದೇ ಸೆಕ್ಷನ್ನಿನಲ್ಲಿ ಬೆರಳು ಸವೆಸಿದವಳು. ಅವನ ಒದ್ದೆ ಪ್ಯಾಂಟನ್ನು ನೋಡಿ, ಏನೂ ನೋಡದವಳಂತೆ, "ಸಾಹೇಬ, ಹೊರಗ ಶಿವಪುತ್ರಪ್ಪ ಕುಂತಾನ್ರಿ. ಗೋರೆಗಾಂವ್ ಗೋದಾಮಿನ ಜಮಾದಾರ. ಇಂವಾ ಹೋಗೂದಿಲ್ಲ, ನೀವು ಕರಿಯೂದಿಲ್ಲ. ಎಷ್ಟ ದಿನಾ?" ಎಂದಳು. ಅವಳ ಕಣ್ಣಿಗೆ ಕಣ್ಣು ಕೂಡಿಸುವುದು ಅವನಿಗೆ ಆಗಲಿಲ್ಲ. ಕೆಲಸ ಇದೆ ಅಂತ ಹೇಳಿದ್ದೀನಲ್ಲಮ್ಮ, ಎಂದು ಗೊಣಗಿ ಟೇಬಲ್ಲಿಗೆ ಹೋಗಿ ಕೂತ. ಅವಳು ಹೋಗಲಿಲ್ಲ. "ನಾ ಅವತ್ತ ಕೇಳಿದ್ದೆ ನಿಮಗ," ಎಂದಳು. ಅಷ್ಟೇ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವಳು ಬೈಯಲಿಲ್ಲ; ತಾನು ಕೇಳಿದ್ದೆ ಎಂಬುದನ್ನು ಅವನ ಟೇಬಲ್ಲಿನ ಮೇಲೆ ಇಟ್ಟು ತನ್ನ ಯಂತ್ರದ ಮುಂದೆ ಹೋಗಿ ಕೂತಳು.

ಅವತ್ತು ಎಂದರೆ ಎಂಬತ್ತೇಳರ ಮಳೆಗಾಲ. ಆಗಸ್ಟ್ ಹದಿನೈದಕ್ಕೆ ಅಧ್ಯಕ್ಷರು ಬಂದು ಗುಂಡಿ ಒತ್ತಿ ನಿಗಮದ ಎಲ್ಲ ನೌಕರರ ದಾಖಲೆ ಕಂಪ್ಯೂಟರಿಗೆ ಬಂತು ಎಂದು ಸಾರುವುದು ನಿಶ್ಚಯವಾಗಿತ್ತು. ಐದು ಸಾವಿರದ ಎಂಟುನೂರು ಜನರ ಸೇವಾ ಕಾರ್ಡುಗಳು. ಕಾರ್ಡುಗಳು ಒಂದೇ ತರಹದವಲ್ಲ ಎಂಬುದೇ ತೊಡಕು. ಐವತ್ತರ ದಶಕದವು ದಪ್ಪ ಹಳದಿ ಕಾರ್ಡುಗಳು. ಅವುಗಳಲ್ಲಿ 'ವಯಸ್ಸು, ಸುಮಾರು' ಎಂದು ಒಂದು ಗೆರೆ, ಕೆಳಗೆ ಅಂಗೈಯಗಲ 'ಷರಾ' ಎಂಬ ಟಿಪ್ಪಣಿಯ ಜಾಗ. ಅರವತ್ತೆಂಟರಲ್ಲಿ ಯಾರಿಗೋ 'ಸುಮಾರು' ಎನ್ನುವುದು ಅವಮಾನವೆನಿಸಿ ಹೊಸ ನಮೂನೆ ಬಂತು. ಅದರಲ್ಲಿ ಹುಟ್ಟಿದ ವರ್ಷ ಬೇಕು, ಷರಾ ಒಂದು ಸಾಲಿಗೆ ಇಳಿಯಿತು. ಎಂಬತ್ತೊಂದರ ನಮೂನೆಯಲ್ಲಿ ದಿನ, ತಿಂಗಳು, ವರ್ಷಕ್ಕೆ ಚೌಕಗಳು ಬಂದವು, ಷರಾ ಇಲ್ಲವಾಯಿತು. ಹಳೆಯ ಕಾರ್ಡಿನಿಂದ ಹೊಸ ಕಾರ್ಡಿಗೆ ಇಳಿಸಿಕೊಂಡ ಗುಮಾಸ್ತರು ಗೊತ್ತಿಲ್ಲದ ಚೌಕಗಳನ್ನು ಖಾಲಿ ಬಿಟ್ಟಿದ್ದರು. ಕಾಗದಕ್ಕೆ ಖಾಲಿ ಚೌಕದ ಬಗ್ಗೆ ಬೇಸರವಿಲ್ಲ. ಜಯಸಿಂಹ ಬರೆದ ಪ್ರೋಗ್ರಾಮಿಗೆ ಇತ್ತು. ಹುಟ್ಟಿದ ತಾರೀಖು ಎಂದರೆ ಎಂಟು ಅಂಕಿ. ಅಕ್ಷರ ಒತ್ತಿದರೆ ಕಿರ್ ಎನ್ನುತ್ತದೆ, ಖಾಲಿ ಬಿಟ್ಟರೆ ಮುಂದಕ್ಕೆ ಬಿಡುವುದೇ ಇಲ್ಲ. ಆಗಸ್ಟ್ ಆರೋ ಏಳೋ, ಹೊರಗೆ ಮಳೆ ಹೊಡೆಯುತ್ತಿದ್ದಾಗ, ರುಕ್ಮಿಣಿಬಾಯಿ ಹಳದಿ ಕಾರ್ಡುಗಳ ಒಂದು ಕಟ್ಟು ತಂದು ಮುಂದಿಟ್ಟಿದ್ದಳು. "ಇದರಾಗ ವಯಸ್ಸಿನ ಮ್ಯಾಲಿಂದ ವರ್ಷ ಅಷ್ಟ ಸಿಗತೈತ್ರಿ. ದಿನಾ ತಿಂಗಳಾ ಏನ ಹಾಕ್ಲಿ?" ಅವನಿಗೆ ಮೂರು ದಿನದಿಂದ ಜ್ವರ. ಜನವರಿ ಒಂದು ಹಾಕಿ, ಎಂದಿದ್ದ. ಎಲ್ಲಾರಿಗೂ? ಎಲ್ಲಾರಿಗೂ. "ಮತ್ತ ಈ ಶೇರಾದಾಗ ಬರ್ದದ್ದು ಎಲ್ಲಿ ಬಡೀಲಿ?" ಅವನು ಕಾರ್ಡನ್ನು ಕೈಗೆ ತೆಗೆದುಕೊಂಡಿದ್ದ. ಓದಿದ್ದ. ಅದನ್ನು ಈಗ ಯಾರ ಮುಂದೆಯೂ ಒಪ್ಪಿಕೊಳ್ಳಲಾರ, ಆದರೆ ಓದಿದ್ದ. ನಾಗರ ಪಂಚಮಿ, ತಾಯಿಯ ಹೇಳಿಕೆ. ಯುಗಾದಿ ಪಾಡ್ಯ. ಮೊಹರಮ್ಮಿನ ಕತ್ತಲ ರಾತ್ರಿ. ಮಹಾನವಮಿಯ ಮಾರನೆ ದಿನ. ಯಾವ ಕಾಲದಲ್ಲೋ ಒಬ್ಬ ಗುಮಾಸ್ತ ಎದುರಿಗೆ ನಿಂತ ಕೂಲಿಯನ್ನು ಕೇಳಿ, ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಿದ್ದ. ಜಯಸಿಂಹ ಕಾರ್ಡನ್ನು ಹಿಂದಕ್ಕೆ ಕೊಟ್ಟು, ಅದನ್ನು ಬಿಡಿ, ಅದಕ್ಕೆ ಜಾಗ ಇಲ್ಲ, ಎಂದಿದ್ದ.

ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅದು ಅಜ್ಞಾನ. ಮೈಸೂರಿನ ಅಗ್ರಹಾರದಲ್ಲಿ ಪಂಚಾಂಗದ ವೆಂಕಟಸುಬ್ಬಯ್ಯ ಎಂದರೆ ಮೂರು ಬೀದಿಗೆ ಗೊತ್ತಿದ್ದವರ ಮಗ ತಾನು. ವರ್ಷ ಗೊತ್ತಿದ್ದು ತಿಥಿ ಗೊತ್ತಿದ್ದರೆ ತಾರೀಖು ಗೊತ್ತಿದ್ದ ಹಾಗೆಯೇ. ಹಳೆಯ ಪಂಚಾಂಗ ತೆರೆದು ನೋಡುವಷ್ಟೇ ಕೆಲಸ. ಆ ಕೂಲಿಗಳು ಸುಮಾರು ಹೇಳಿರಲಿಲ್ಲ, ಖಚಿತವಾಗಿ ಹೇಳಿದ್ದರು. ತನ್ನ ಪ್ರೋಗ್ರಾಮಿಗೆ ಅರ್ಥವಾಗುವ ಜಾತಿಯ ಮಾತಾಗಿರಲಿಲ್ಲ ಅಷ್ಟೆ. ನಲವತ್ತು ಅಕ್ಷರದ ಒಂದು ಷರಾ ಕಾಲಮ್ಮು ಸೇರಿಸಿದ್ದರೆ ಸಾಕಿತ್ತು. ಆದರೆ ಅಷ್ಟರಲ್ಲಿ ನಾಲ್ಕು ಸಾವಿರ ಕಾರ್ಡು ಹಳೆಯ ಅಚ್ಚಿನಲ್ಲಿ ಒಳಗೆ ಹೋಗಿದ್ದವು, ಮತ್ತೆ ಎಲ್ಲವನ್ನೂ ಮುಟ್ಟಬೇಕಿತ್ತು. ಅದು ಬೇಡವೆಂದರೆ, ಈ ಜನವರಿ ಒಂದು ನಿಜವಾದದ್ದಲ್ಲ, ನಾವು ತುಂಬಿದ್ದು ಎಂದು ತಿಳಿಯುವಂತೆ ಪಕ್ಕದಲ್ಲಿ ಒಂದೇ ಒಂದು ಅಕ್ಷರ ಹಾಕಿಸಬಹುದಿತ್ತು. ಅದನ್ನೂ ಮಾಡಲಿಲ್ಲ. ತಂದೆ ಇದ್ದಿದ್ದರೆ ಏನನ್ನುತ್ತಿದ್ದರು ಎಂದು ಯೋಚಿಸುವುದಕ್ಕೆ ಅವನಿಗೆ ಇಷ್ಟವಿಲ್ಲ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಎಲ್ಲ ಹುಡುಗರಿಗೂ ಜೂನ್ ಒಂದು ಎಂದು ಬರೆದುಕೊಂಡಿದ್ದಕ್ಕೆ ಅವರು ಮೂರು ದಿನ ಶಾಲೆಯ ಜಗಲಿಯಲ್ಲಿ ಕೂತು ಜಗಳವಾಡಿ ತನ್ನ ತಾರೀಖನ್ನು ತಿದ್ದಿಸಿದ್ದರು. ಕೊಳಕು ಪಂಚೆ ಉಟ್ಟುಕೊಂಡು, ಕಂಕುಳಲ್ಲಿ ಪಂಚಾಂಗ ಹಿಡಿದುಕೊಂಡು. ಉಳಿದ ಹುಡುಗರು ಕಿಟಕಿಯಿಂದ ಇಣುಕಿ ನಗುತ್ತಿದ್ದರು, ತಾನೂ ಅವರ ಜೊತೆ ನಕ್ಕಿದ್ದ. ಅಪ್ಪನಿಗೆ ಅದು ಕಂಡಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಹನ್ನೊಂದು ಗಂಟೆಗೆ ಅವನಿಗೇ ತಡೆಯಲಾಗದೆ ಬಾಗಿಲು ತೆರೆದು, ಒಳಗೆ ಬನ್ನಿ, ಎಂದ. ಶಿವಪುತ್ರಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದ. ಕಂಪ್ಯೂಟರುಗಳಿಗೆ ಧೂಳಾಗಬಾರದೆಂದು ಎಲ್ಲರೂ ಬಿಡುತ್ತಿದ್ದರು, ಆದರೆ ಅವನು ಬಿಟ್ಟ ರೀತಿ ಬೇರೆಯಾಗಿತ್ತು, ಗುಡಿಯ ಬಾಗಿಲಲ್ಲಿ ಬಿಟ್ಟ ಹಾಗೆ. ಎತ್ತರದ ಆಳು, ಖಾಕಿ ಅಂಗಿಗೆ ಎಲ್ಲ ಗುಂಡಿ ಹಾಕಿದ್ದ, ಹಣೆಯಲ್ಲಿ ವಿಭೂತಿ. ಮಡಿಸಿ ಮಡಿಸಿ ಮೆತ್ತಗಾಗಿದ್ದ ನಿವೃತ್ತಿಯ ಕಾಗದವನ್ನು ಟೇಬಲ್ಲಿನ ತುದಿಯಲ್ಲಿ ಇಟ್ಟ.

"ಸಾಹೇಬ್ರ, ನಾ ತಕರಾರ ಮಾಡಾಕ ಬಂದಿಲ್ರಿ. ಒಂದ ಮಾತ ಕೇಳಾಕ ಬಂದೀನಿ."

"ಕೂತ್ಕೊಳ್ಳಿ."

"ನಿಂತ ಕೇಳ್ತೀನ್ರಿ. ಈ ಕಾಗದದಾಗ ನಾ ಹುಟ್ಟಿದ್ದು ಮೂವತ್ತೆರಡನೇ ಇಸ್ವಿ ಜನವರಿ ಒಂದ ಅಂತ ಬರ್ದಾರ. ನಮ್ಮವ್ವ ಸಾಯೂಮಟಾ ಕಾರಹುಣ್ಣಿವಿ ಅಂತ ಹೇಳಿದ್ಲು. ಎತ್ತಿಗೆ ಬಣ್ಣಾ ಹಚ್ಚಿ, ಊರ ಅಗಸಿ ಬಾಗಲದಾಗ ಅವನ್ನ ಓಡಿಸಿ ಕರಿ ಹರಿಯೂ ಹೊತ್ತಿಗೆ ನೀ ಹುಟ್ಟಿದಿ, ಊರಾಗ ಸೂಲಗಿತ್ತಿ ಹುಡುಕಿದ್ರ ಆಕಿನೂ ಕರಿ ನೋಡಾಕ ಹೋಗಿದ್ಲು ಅಂತಿದ್ಲು. ಕಂಪ್ಯೂಟರಿಗೆ ಇದು ಜನವರಿ ಅಂತ ಹ್ಯಾಂಗ ಗೊತ್ತಾತ್ರಿ?"

ಜಯಸಿಂಹ ಕಾಗದವನ್ನು ನೋಡುತ್ತಿದ್ದ. ರುಕ್ಮಿಣಿಬಾಯಿಯ ಬೆರಳುಗಳ ಸದ್ದು ನಿಂತಿತ್ತು.

"ಮಶೀನು ಸುಳ್ಳ ಹೇಳೂದಿಲ್ಲ ಅಂತಾರ," ಶಿವಪುತ್ರಪ್ಪ ಮುಂದುವರಿಸಿದ, ದನಿ ತಗ್ಗಿಸಿ. "ಹಂಗಾದ್ರ ನಮ್ಮವ್ವ ಯಾಕ ಸುಳ್ಳ ಹೇಳಿದ್ಲು? ಹಡದಾಕಿಗೆ ಗೊತ್ತಿರೂದಿಲ್ಲೇನ್ರಿ? ಇಲ್ಲಾ ನಾ ಆಕಿ ಹಡದ ಮಗಾ ಅಲ್ಲೋ ಏನೋ, ಎಲ್ಲಿಂದರ ತಂದ ಸಾಕಿದ್ಲೋ ಏನೋ ಅಂತ ತಲ್ಯಾಗ ಹೊಕ್ಕ ಬಿಟ್ಟೇತ್ರಿ. ಐವತ್ತೇಳ ವರ್ಷದ ಮುದುಕಾ ಇಂಥಾದ್ದ ವಿಚಾರ ಮಾಡ್ತಾನೇನು ಅಂತ ನಗಬ್ಯಾಡ್ರಿ."

ಜಯಸಿಂಹ ನಗಲಿಲ್ಲ. ಕಣ್ಣು ತುಂಬಿಕೊಂಡಿತು, ಅದು ಕಾಣದಿರಲೆಂದು ಕಾಗದವನ್ನು ಹತ್ತಿರ ತಂದುಕೊಂಡ. ಇಲ್ಲಪ್ಪ, ಅದು ಮಶೀನಿಗೆ ಗೊತ್ತಾದದ್ದಲ್ಲ, ನಾನು ಹಾಕಿಸಿದ್ದು, ಎನ್ನಲು ಬಾಯಿ ತೆರೆದ. ಬಾಯಿಗೆ ಬಂದದ್ದು, "ನೋಡ್ತೀನಿ," ಎಂದು. ತನಗೇ ಅಸಹ್ಯವಾಯಿತು. ಶಿವಪುತ್ರಪ್ಪ ತಲೆಯಾಡಿಸಿದ. "ನೋಡ್ರಿ. ಇನ್ನೊಂದ ಐತಿ. ಸಣ್ಣ ಮಗಳು ಶರಣವ್ವಂದು ಹತ್ತನೇತ್ತಾ. ಮಾರ್ಚಿನ್ಯಾಗ ಪರೀಕ್ಷಿ. ಡಿಸೆಂಬರ್ ಮೂವತ್ತೊಂದಕ್ಕ ನನ್ನ ನೌಕರಿ ಮುಗೀತದ, ಜನವರಿ ಮುಗಿಯೂದ್ರಾಗ ನಿಗಮದ ಖೋಲಿ ಬಿಡ್ರಿ ಅಂದಾರ. ಇಲ್ಲಿದ್ರ ಪರೀಕ್ಷಿ, ಊರಿಗೆ ಹೋದ್ರ ಮದಿವಿ. ಆಕಿ ಸೋದರಮಾವ ಎರಡ ವರ್ಷದಿಂದ ಕೇಳಾಕ ಹತ್ಯಾನ್ರಿ. ಹುಡುಗಿ ಚಲೋ ಓದ್ತಾಳ. ಕಾರಹುಣ್ಣಿವಿ ಅಂತ ಹಿಡದ್ರ ಜೂನ್ ತನಕಾ ನೌಕರಿ ಇರ್ತದ. ಆದ್ರ ಅದು ಖರೇ ಇದ್ರ ನೀವು ಮಾಡ್ರಿ, ನನ್ನ ಸಲುವಾಗಿ ಸುಳ್ಳ ಮಾಡಬ್ಯಾಡ್ರಿ." ಹೀಗೆಂದು ನಮಸ್ಕಾರ ಮಾಡಿ ಹೊರಟ. ಕಾಗದವನ್ನು ಮಾತ್ರ ತಿರುಗಿ ತೆಗೆದುಕೊಂಡ. ಅದು ಕಳೆದರೆ ಇನ್ನೇನು ಕೇಡು ಕಾದಿದೆಯೋ ಎಂಬ ಭಯವಿರಬೇಕು.

ಎಲ್ಲರೂ ಊಟಕ್ಕೆ ಹೋದಾಗ ಜಯಸಿಂಹ ಒಬ್ಬನೇ ಯಂತ್ರದ ಮುಂದೆ ಕೂತು, ಎರಡು ವರ್ಷದಿಂದ ಕೇಳದೆ ಇದ್ದದ್ದನ್ನು ಕೇಳಿದ. ಜನವರಿ ಒಂದರಂದು ಹುಟ್ಟಿದವರು ಎಷ್ಟು? ಯಂತ್ರ ಸ್ವಲ್ಪ ಹೊತ್ತು ಗಿರಗುಟ್ಟಿತು. ಮುನ್ನೂರ ಹನ್ನೆರಡು. ಜನವರಿ ಎರಡರಂದು ಹುಟ್ಟಿದವರು? ಒಂಬತ್ತು. ಅವನು ಪ್ರಿಂಟರಿಗೆ ಕೊಟ್ಟ. ಪಟ್ಟೆ ಪಟ್ಟೆ ಕಾಗದ ಕರಕರ ಎನ್ನುತ್ತ ಮಡಿಕೆ ಮಡಿಕೆಯಾಗಿ ಕೆಳಗೆ ಬೀಳತೊಡಗಿತು. ಮುನ್ನೂರ ಹನ್ನೆರಡು ತಾಯಂದಿರು ಒಂದೇ ದಿನ ಹೆತ್ತಿದ್ದರು. ಇವರಲ್ಲಿ ನಿಜವಾಗಿ ಆ ದಿನವೇ ಹುಟ್ಟಿದವರು ಒಬ್ಬರೋ ಇಬ್ಬರೋ ಇರಬಹುದು. ಅವರು ಯಾರು ಎಂಬುದು ಯಂತ್ರಕ್ಕೂ ಗೊತ್ತಿಲ್ಲ, ತನಗೂ ಗೊತ್ತಿಲ್ಲ. ಐವತ್ತೆಂಟು ತುಂಬಿದ ತಿಂಗಳ ಕೊನೆಗೆ ನಿವೃತ್ತಿ, ಆದರೆ ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರು ಎನ್ನುವುದು ನಿಯಮ. ಹಾಗಾಗಿ ಇವರೆಲ್ಲ ಒಂದಲ್ಲ ಒಂದು ವರ್ಷದ ಡಿಸೆಂಬರ್ ಮೂವತ್ತೊಂದಕ್ಕೆ ಹಾರ ಹಾಕಿಸಿಕೊಂಡು ಹೋಗಬೇಕಾದವರು. ನಲವತ್ತೊಂದು ಜನ ಆಗಲೇ ಹೋಗಿದ್ದರು, ಎಂಬತ್ತೇಳರ ಕೊನೆಗೆ ಕೆಲವರು, ಹೋದ ವರ್ಷ ಉಳಿದವರು. ಅವರ ಹೆಸರಿನ ಮುಂದೆ ಯಂತ್ರ ನಕ್ಷತ್ರದ ಗುರುತು ಹಾಕಿತ್ತು. ಆ ಸಮಾರಂಭಗಳಲ್ಲಿ ಒಂದೆರಡಕ್ಕೆ ತಾನೂ ಹೋಗಿ ಸಮೋಸ ತಿಂದು ಬಂದಿದ್ದ.

ಮರುದಿನ ಬೆಳಗ್ಗೆ ಐದೂವರೆಗೇ ಎದ್ದು, ಅಡಿಗೆಮನೆಯ ಮೇಲಿನ ಅಟ್ಟದಿಂದ ಅಪ್ಪನ ಪಂಚಾಂಗಗಳ ಗಂಟನ್ನು ಇಳಿಸಿದ. ವನಮಾಲಾ ಒಲೆಯ ಮುಂದೆ ನಿಂತಿದ್ದಳು. ಹಾಲಿನ ಪಾತ್ರೆಗೆ ಧೂಳು ಬೀಳದಂತೆ ಸೆರಗು ಅಡ್ಡ ಹಿಡಿದಳು. "ಏನ್ರೀ ಇದು ಬೆಳಬೆಳಗ್ಗೆ? ಮಾವನೋರು ಹೋದ ಮೇಲೆ ಆರು ವರ್ಷದಿಂದ ಅದನ್ನ ಬಿಚ್ಚಿಲ್ಲ. ರದ್ದಿಗೆ ಹಾಕಿ ಅಂದ್ರೆ ಹಾಕಲ್ಲ, ಓದಿ ಅಂದ್ರೆ ಓದಲ್ಲ."

"ಒಂದು ತಾರೀಖು ನೋಡಬೇಕಾಗಿತ್ತು."

"ಯಾರಿಗೆ ಮದುವೆ?"

ಅವನು ಅಡಿಗೆಮನೆಯ ಹೊಸಿಲ ಮೇಲೆ ಕೂತು ಒಂದೊಂದೇ ಪುಸ್ತಕ ತೆಗೆದ. ಮೂವತ್ತೆರಡನೆಯ ಇಸವಿಯ, ಆಂಗೀರಸ ಸಂವತ್ಸರದ್ದು ಕೆಳಗೆ ಇತ್ತು. ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. ಕಾರಹುಣ್ಣಿಮೆ, ಜ್ಯೇಷ್ಠ ಶುದ್ಧ ಪೂರ್ಣಿಮೆ, ಶನಿವಾರ, ಇಂಗ್ಲಿಷ್ ತಾರೀಖು ಹದಿನೆಂಟು, ಜೂನ್. ಪುಟ ತಿರುವಿ ಬೆರಳಿಡಲು ಎರಡು ನಿಮಿಷ ಹಿಡಿದಿತ್ತು. ಅವತ್ತು ಜ್ವರವಿದ್ದರೂ ಹಿಡಿಯುತ್ತಿದ್ದದ್ದು ಎರಡೇ ನಿಮಿಷ. ಹೆಂಡತಿಗೆ ಅವನು ಹೇಳಿದ, ಶಿವಪುತ್ರಪ್ಪನ ಸಂಗತಿ, ತಾಯಿಯ ಸಂಗತಿ, ಹುಡುಗಿಯ ಪರೀಕ್ಷೆಯ ಸಂಗತಿ. ವನಮಾಲಾ ಕಾಫಿಯ ಲೋಟ ಕೈಗೆ ಕೊಟ್ಟು, "ನಮ್ಮಿಂದ ತಪ್ಪಾಗಿದೆ ಅಂತ ಬರೆದುಕೊಟ್ಟು ಸರಿಮಾಡಿಬಿಡಿ. ಒಬ್ಬನದು ಸರಿ ಮಾಡೋಕೆ ಯಾರೂ ನಿಮ್ಮನ್ನ ಗಲ್ಲಿಗೆ ಹಾಕಲ್ಲ," ಎಂದಳು. ಒಬ್ಬನದು ಅಲ್ಲ ಎಂದು ಅವನು ಹೇಳಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳಿಂದ ಏನನ್ನೂ ಮುಚ್ಚಿಟ್ಟವನಲ್ಲ. ಆದರೆ ಆ ಸಂಖ್ಯೆ ನಾಲಿಗೆಯ ಮೇಲೆ ಬರಲಿಲ್ಲ. ಹೇಳಿದ್ದರೆ ಅವಳು ಮುಖ ನೋಡುತ್ತಿದ್ದಳು, ಆ ನೋಟವನ್ನು ಕಾಫಿ ಕುಡಿಯುತ್ತ ತಡೆದುಕೊಳ್ಳುವುದು ಆಗುತ್ತಿರಲಿಲ್ಲ.

ಆಫೀಸಿನ ಕಡೆ ಹೋಗುವ ಲೋಕಲ್ ಬಿಟ್ಟು ಎದುರಿನ ಪ್ಲಾಟ್‌ಫಾರಮ್ಮಿನಿಂದ ಗೋರೆಗಾಂವಿಗೆ ಹೋದ. ಆ ಹೊತ್ತಿಗೆ ಆ ಕಡೆಗೆ ಗಾಡಿಗಳು ಖಾಲಿ, ಕೂರಲು ಜಾಗ ಸಿಕ್ಕಿತು. ಇಷ್ಟು ದಿನ ಈ ಕಡೆಗೆ ನೌಕರಿ ಇದ್ದಿದ್ದರೆ ಬದುಕು ಬೇರೆಯಾಗಿರುತ್ತಿತ್ತೋ ಏನೋ ಎಂಬ ಹುಚ್ಚು ಯೋಚನೆ ಬಂತು. ಹಳೆಯ ಕಾರ್ಡುಗಳನ್ನು ಗೋದಾಮಿನ ಹಿಂಬದಿಯ ಖೋಲಿಯಲ್ಲಿ ಗೋಣಿಚೀಲಗಳಲ್ಲಿ ಕಟ್ಟಿಟ್ಟಿದ್ದರು. ಬಾಗಿಲಲ್ಲಿದ್ದ ಪಹರೆಯವನು ಶಿವಪುತ್ರಪ್ಪನ ಕೈಕೆಳಗಿನವನಿರಬೇಕು, ಕೀಲಿ ಕೊಟ್ಟು ದೂರ ನಿಂತ. ಜಯಸಿಂಹ ಎರಡು ಗಂಟೆ ಬಗ್ಗಿ ಹುಡುಕಿದ. ಹುಡುಕುತ್ತಿದ್ದಾಗ ಬೇರೆಯವರ ಕಾರ್ಡುಗಳು ಕೈಗೆ ಬರುತ್ತಿದ್ದವು, ಓದಬಾರದೆಂದುಕೊಂಡರೂ ಕಣ್ಣು ಷರಾದ ಕಡೆಗೇ ಹೋಗುತ್ತಿತ್ತು. ಎಳ್ಳಮಾವಾಸ್ಯೆ. ಬನದ ಹುಣ್ಣಿಮೆ. ಅಣ್ಣನ ಮದುವೆಯ ದಿನ, ಅಣ್ಣನ ಕಾರ್ಡು ನೋಡುವುದು. ಒಂದರಲ್ಲಿ ಗುಮಾಸ್ತ, 'ಗೊತ್ತಿಲ್ಲ ಎನ್ನುತ್ತಾನೆ, ಅನಾಥ' ಎಂದು ಬರೆದಿದ್ದ. ಅವನಿಗೂ ಜನವರಿ ಒಂದು. ತಿಳಿಯದ್ದಕ್ಕೂ ತಿಳಿದದ್ದಕ್ಕೂ ಒಂದೇ ತಾರೀಖು ಕೊಟ್ಟು ಎರಡರ ಗುರುತೂ ಅಳಿಸಿ ಹಾಕಿದ್ದೆನಲ್ಲ ಎಂದು ಆ ಧೂಳಿನಲ್ಲಿ ಕೂತು ಜಯಸಿಂಹನಿಗೆ ಮೊದಲ ಸಲ ಪೂರ್ತಿಯಾಗಿ ಅರ್ಥವಾಯಿತು. ಶಿವಪುತ್ರಪ್ಪನ ಕಾರ್ಡು ಸಿಕ್ಕಾಗ ಸಂತೋಷವಾಗಲಿಲ್ಲ, ಸೊಂಟ ನೋಯುತ್ತಿತ್ತು. 'ಸೇರಿದ್ದು 1956. ವಯಸ್ಸು ಸುಮಾರು 24. ಷರಾ: ಕಾರಹುಣ್ಣಿಮೆ, ತಾಯಿಯ ಹೇಳಿಕೆ.' ಮಸಿ ಕಂದಿರಲಿಲ್ಲ.

ಮ್ಹಾತ್ರೆ ಸಾಹೇಬರ ಕ್ಯಾಬಿನ್ನಿನಲ್ಲಿ ಅವನಿಗೆ ಕೂರು ಎನ್ನಲಿಲ್ಲ. ಆಡಳಿತದ ಮ್ಯಾನೇಜರು, ಇನ್ನೆರಡು ವರ್ಷದಲ್ಲಿ ತಾವೂ ನಿವೃತ್ತರಾಗುವವರು, ಕೆಟ್ಟವರಲ್ಲ. ಕಾರ್ಡು, ಪಂಚಾಂಗ ಎರಡನ್ನೂ ನೋಡಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ತಮ್ಮ ಬೊಂಬಾಯಿ ಹಿಂದಿಯಲ್ಲಿ, ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಇರುವಾಗ ಹುಟ್ಟಿದ ತಾರೀಖು ಬದಲಾಯಿಸುವ ಹಾಗಿಲ್ಲ, ನಿನಗೂ ಗೊತ್ತು, ಎಂದರು. ಆಫೀಸಿನ ಬರವಣಿಗೆಯ ತಪ್ಪಾಗಿದ್ದರೆ ಮಾತ್ರ ಬೇರೆ. ತಪ್ಪು ನನ್ನದು, ಬರೆದುಕೊಡುತ್ತೇನೆ, ಎಂದ ಜಯಸಿಂಹ. ಹೇಳಿದ ಮೇಲೆ ಎದೆಯಲ್ಲಿ ಏನೋ ಇಳಿದ ಹಾಗಾಯಿತು. ಆದರೆ ಮ್ಹಾತ್ರೆ ಅವನ ಕಂಕುಳನ್ನೇ ನೋಡುತ್ತಿದ್ದರು. ಅಲ್ಲಿ ಮಡಿಕೆಗಳ ಪಟ್ಟೆ ಕಾಗದ ಇತ್ತು.

"ಅದೇನು?"

ಜಯಸಿಂಹ ಮುಂದೆ ಚಾಚಿದ. ಅವರು ಕೈ ಚಾಚಲಿಲ್ಲ.

"ಎಷ್ಟು ಜನ?"

"ಮುನ್ನೂರ ಹನ್ನೆರಡು, ಸರ್. ನಲವತ್ತೊಂದು ಜನ ಆಗಲೇ..."

"ಅರೇ ಬಾಬಾ." ಮ್ಹಾತ್ರೆ ಎದ್ದು ಕಿಟಕಿ ಮುಚ್ಚಿ ಬಂದು ಕೂತರು. ಕೆಳಗೆ ಕೈಗಾಡಿಯವರು ಕೂಗಾಡುತ್ತಿದ್ದರು. "ಜಯಸಿಂಹ, ಒಂದಾದರೆ ತಪ್ಪು. ಮುನ್ನೂರಾದರೆ ಹಗರಣ. ಕಮಿಟಿ ಕೂರುತ್ತೆ. ಕಮಿಟಿ ಮುಗಿಯೋವರೆಗೆ ಯಾರದೂ ಬದಲಾಗಲ್ಲ, ನಿನ್ನ ಜಮಾದಾರನದೂ ಇಲ್ಲ. ಅವನ ಮಗಳ ಪರೀಕ್ಷೆ ಯಾವಾಗ ಅಂದೆ? ಮಾರ್ಚ್? ಕಮಿಟಿಯ ಮೊದಲ ಮೀಟಿಂಗೇ ಮಾರ್ಚಿಗೆ ಆಗಲಿಕ್ಕಿಲ್ಲ. ಆ ನಲವತ್ತೊಂದು ಜನರನ್ನ ಊರಿಂದ ಕರೆದು ಎಲ್ಲಿ ಕೂರಿಸ್ತೀಯಾ?" ಅವರು ಒಂದು ಬಿಳಿಯ ಹಾಳೆಯನ್ನು ಅವನ ಕಡೆ ತಳ್ಳಿದರು. "ಒಬ್ಬನದಾದರೆ ನಾನು ಇವತ್ತೇ ಸಹಿ ಹಾಕ್ತೀನಿ. ಬರಿ. ಒಂದೇ ಪ್ರಕರಣ, ಉಳಿದ ದಾಖಲೆಗಳನ್ನು ಪರಿಶೀಲಿಸಲಾಗಿದೆ, ಸರಿಯಾಗಿವೆ."

ನಿಂತುಕೊಂಡೇ, ಟೇಬಲ್ಲಿನ ಮೇಲೆ ಬಾಗಿ ಬರೆದ. ಬರೆಯುವಾಗ ಶರಣವ್ವನ ಹೆಸರನ್ನು ಮನಸ್ಸಿನಲ್ಲಿ ಎರಡು ಮೂರು ಸಲ ಹೇಳಿಕೊಂಡ. ಕಂಡೂ ಇರದ ಹುಡುಗಿ. ಎರಡು ಜಡೆ ಇರಬಹುದು, ಗೋರೆಗಾಂವಿನ ಯಾವುದೋ ಕನ್ನಡ ಶಾಲೆಯ ನೀಲಿ ಲಂಗ ಇರಬಹುದು. ಅವಳಿಗಾಗಿ ಬರೆಯುತ್ತಿದ್ದೇನೆ ಎಂದುಕೊಂಡ. ಅದು ಸುಳ್ಳೂ ಅಲ್ಲ. ಆದರೆ 'ಉಳಿದ ದಾಖಲೆಗಳನ್ನು ಪರಿಶೀಲಿಸಲಾಗಿದೆ' ಎಂಬ ಸಾಲಿಗೆ ಬಂದಾಗ ಕೈ ತಡವರಿಸಲಿಲ್ಲ. ಅಕ್ಷರಗಳು ಉಳಿದವುಗಳಿಗಿಂತ ದುಂಡಾಗಿಯೇ ಬಂದವು. ಸಹಿ ಹಾಕಿದ. ನೌಕರಿ ಉಳಿಯಿತು, ಮೆಮೊ ಬರುವುದಿಲ್ಲ, ಕಮಿಟಿಯ ಮುಂದೆ ನಿಲ್ಲಬೇಕಿಲ್ಲ ಎಂದು ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಹಾಯೆನಿಸಿದ್ದು ಹೋಗಲಿಲ್ಲ. ಮ್ಹಾತ್ರೆ ಹಾಳೆಗೆ ಸಹಿ ಮಾಡಿ, ಪಟ್ಟೆ ಕಾಗದದ ಕಟ್ಟನ್ನು ತಾವೇ ಎತ್ತಿ ತಮ್ಮ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು. "ಊಟ ಆಯ್ತಾ?" ಎಂದು ಕೇಳಿದರು. ಆಗಿದೆ ಎಂದ. ಆಗಿರಲಿಲ್ಲ.

ಬೆಂಚಿನ ಹತ್ತಿರ ಬಂದಾಗ ಶಿವಪುತ್ರಪ್ಪ ಎಂದಿನಂತೆ ಎದ್ದು ನಿಂತ. ಸಂಜೆ ನಾಲ್ಕರ ಬಿಸಿಲು ಮೆಟ್ಟಿಲಿನವರೆಗೆ ಬಂದಿತ್ತು. ಜಯಸಿಂಹ ಅವನ ಪಕ್ಕದಲ್ಲಿ ಕೂತ. ಕೂತದ್ದನ್ನು ನೋಡಿ ಶಿವಪುತ್ರಪ್ಪ ಗಾಬರಿಯಾಗಿ, ತಾನು ನಿಲ್ಲಬೇಕೋ ಕೂರಬೇಕೋ ತಿಳಿಯದೆ ಗೋಡೆಗೆ ಒರಗಿದ.

"ನಿಮ್ಮ ತಾಯಿ ಹೇಳಿದ್ದೇ ನಿಜ. ಕಾರಹುಣ್ಣಿಮೆಯೇ. ಜೂನ್ ಹದಿನೆಂಟು, ಶನಿವಾರ. ಮಶೀನಿಗೆ ಏನೂ ಗೊತ್ತಿರಲಿಲ್ಲ, ಬರೆದುಕೊಳ್ಳುವಾಗ ನಮ್ಮಲ್ಲಿ ತಪ್ಪಾಗಿತ್ತು. ತಿದ್ದಿಸಿದ್ದೀನಿ. ಜೂನ್ ಮೂವತ್ತರವರೆಗೆ ನೌಕರಿ ಇದೆ, ಖೋಲಿಯೂ ಇದೆ. ಮಗಳು ಪರೀಕ್ಷೆ ಬರೀಲಿ."

ಶಿವಪುತ್ರಪ್ಪ ಟೋಪಿ ತೆಗೆದು ಅದರಲ್ಲೇ ಮುಖ ಒರೆಸಿಕೊಂಡ. "ಶನಿವಾರ," ಎಂದ. "ಶನಿವಾರ ಅಂತ ಆಕಿ ಎಂದೂ ಹೇಳಿರಲಿಲ್ಲ ನೋಡ್ರಿ." ಅಳುತ್ತಿದ್ದ. ದೊಡ್ಡ ಆಳು ಅಳುವುದನ್ನು ನೋಡಲಾರದೆ ಜಯಸಿಂಹ ನೆಲ ನೋಡಿದ. ಮೂರು ದಿನ ತನ್ನನ್ನು ಅಟ್ಟಿದ ಮನುಷ್ಯ ಈಗ ತನ್ನ ಕಾಲು ಮುಟ್ಟಲು ಬಗ್ಗುತ್ತಿದ್ದಾನೆ ಎಂದು ತಿಳಿದಾಗ ಕೈ ಹಿಡಿದು ತಡೆದ. ಆ ಕೈ ಬಿಸಿಯಾಗಿತ್ತು. ಇಷ್ಟು ಸಾಕು, ಇಷ್ಟಾದರೂ ಮಾಡಿದೆನಲ್ಲ ಎಂದು ಒಂದು ಕ್ಷಣ ನಿಜವಾಗಿಯೂ ಅನಿಸಿತು.

"ಸಾಹೇಬ್ರ, ಇನ್ನೊಂದ ಕೇಳ್ಲೇನ್ರಿ?" ಶಿವಪುತ್ರಪ್ಪ ಮೂಗು ಒರೆಸಿ, ಹಗುರಾದ ದನಿಯಲ್ಲಿ ಅಂದ. "ನಮ್ಮ ಗೇಟಿನ್ಯಾಗ ಬಂಡೆಪ್ಪ ಅಂತ ಇದ್ದ. ಇಂಡಿ ಕಡ್ಯಾಂವ. ಹೋದ ವರ್ಷ ಇದ ಡಿಸೆಂಬರಿಗೆ ಕಾಗದ ಬಂದ ಮನಿಗೆ ಹೋದ. ಅಂವಂದೂ ಜನವರಿ ಒಂದ. ಅವರವ್ವ ನಾಗರ ಪಂಚಮಿ ಅಂತಿದ್ಲಂತ. ಮುದುಕಿ ಇನ್ನೂ ಅದಾಳ್ರಿ, ಎಂಬತ್ತರ ಮ್ಯಾಲ. ಇಂವಾ ಊರಿಗೆ ಹೋಗಿ, ಕಂಪ್ಯೂಟರ ಒಂದ ಹೇಳ್ತದ ನೀ ಒಂದ ಹೇಳ್ತಿ, ಖರೇ ಹೇಳು ನಾ ಯಾರ ಮಗಾ ಅಂತ ಆಕಿ ಕೂಡ ಜಗಳಾ ತಗದಾನ. ಆಕಿ ಬ್ಯಾರೆ ಗುಡಿಸಲದಾಗ ಅದಾಳ ಈಗ, ಮಾತ ಬಿಟ್ಟಾನ. ನನಗ ತಲ್ಯಾಗ ಹೊಕ್ಕಿದ್ದೂ ಅಂವಾ ಊರಿಂದ ಬರದ ಕಾಗದ ಓದಿನ ಮತ್ತ." ಅವನು ಜಯಸಿಂಹನ ಮುಖ ನೋಡಿದ. "ಅಂವಂದೂ ಹಿಂಗ ಬರಿಯೂದ್ರಾಗ ತಪ್ಪಾಗೇತೇನ್ರಿ? ತಪ್ಪಂದ್ರ ಇವತ್ತ ಒಂದ ಕಾರ್ಡ ಬರದ ಹಾಕ್ತೀನಿ. ನೌಕರಿ ತಿರುಗಿ ಕೊಡ್ರಿ ಅನ್ನೂದಿಲ್ಲ ಅಂವಾ. ಮುದುಕಿನ್ನ ಮನಿಯಾಗ ಕರಕೋತಾನ, ಅಷ್ಟ."

ಒಳಗೆ ರುಕ್ಮಿಣಿಬಾಯಿಯ ಬೆರಳುಗಳು ಒಂದೇ ಸಮನೆ ಬಡಿಯುತ್ತಿದ್ದವು. ಮ್ಹಾತ್ರೆಯ ಟೇಬಲ್ಲಿನ ಮೇಲೆ ತನ್ನ ಕೈಬರಹದ ಹಾಳೆ ಇನ್ನೂ ಹಾಗೆಯೇ ಇರಬೇಕು. ಒಂದು ಅಂಚೆ ಕಾರ್ಡು ಇಂಡಿಗೆ ಹೋದರೆ, ಅಲ್ಲಿಂದ ಇನ್ನೊಂದು ಊರಿಗೆ, ಆಮೇಲೆ ನಲವತ್ತೊಂದು ಊರಿಗೆ. ಜಯಸಿಂಹನಿಗೆ ಇದೆಲ್ಲ ಲೆಕ್ಕ ಹಾಕುವುದಕ್ಕೆ ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ಅದೇ ಅವನಿಗೆ ಎಲ್ಲಕ್ಕಿಂತ ಹೇಸಿಗೆಯೆನಿಸಿದ್ದು.

"ಇಲ್ಲ," ಎಂದ. "ಎಲ್ಲರದೂ ನೋಡಿದ್ದೀನಿ. ತಪ್ಪಾಗಿದ್ದು ನಿಮ್ಮದೊಂದೇ. ಅವರದು ಸರಿಯಾಗಿದೆ."

"ಹೌದ್ರಿ?" ಶಿವಪುತ್ರಪ್ಪ ಟೋಪಿ ತಲೆಗೆ ಇಟ್ಟುಕೊಂಡ. "ಹಂಗಾದ್ರ ಆ ಮುದುಕಿನ ಸುಳ್ಳ ಹೇಳ್ಯಾಳ ಬಿಡ್ರಿ."

"ಹೌದು," ಎಂದ ಜಯಸಿಂಹ.